ಚಿಕ್ಕ ಮಕ್ಕಳಿಗೆ ಕನ್ನಡ ಓದು, ಕಾಗುಣಿತ, ವ್ಯಾಕರಣ ಕಲಿಸುವುದು ಹೇಗೆ? ಒಂದರಿಂದ ಮೂರನೇ ತರಗತಿಯವರೆಗಿನ ಸಮಗ್ರ ಮಾರ್ಗದರ್ಶಿ

‘ಅ ಆ ಇ ಈ’ಯಿಂದ ‘ಹ ಳ’ದವರೆಗೆ ಗಡಗಡ ಹೇಳುವ ಮಗುವಿಗೆ ‘ಬೆಕ್ಕು’ ಅಂತ ಬರೆದು ತೋರಿಸಿ. ಎಷ್ಟೋ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಇಲ್ಲವೇ ‘ಬೆ... ಕು... ಕ’ ಅನ್ನುತ್ತಾರೆ. ವರ್ಣಮಾಲೆ ಬಾಯಿಗೆ ಬಂದಿದೆ, ಓದು ಬಂದಿಲ್ಲ. ಇವೆರಡೂ ಬೇರೆ ಬೇರೆ ಕೆಲಸ. ಕನ್ನಡ ಕಲಿಸುವಾಗ ಆಗುವ ಹೆಚ್ಚಿನ ತೊಂದರೆ ಶುರುವಾಗುವುದು ಇವೆರಡನ್ನೂ ಒಂದೇ ಅಂದುಕೊಂಡಾಗ.

ಲೆಕ್ಕ ನೋಡಿ. ಕನ್ನಡ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರ. ಆದರೆ ಮಗು ಪುಟದ ಮೇಲೆ ನೋಡುವುದು ಬರೀ 49 ಆಕಾರಗಳನ್ನಲ್ಲ. ಒಂದೊಂದು ವ್ಯಂಜನಕ್ಕೂ 15 ರೂಪದ ಕಾಗುಣಿತ ಅಂದರೆ 510 ಆಯಿತು. ಅದರ ಮೇಲೆ ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಇಂಗ್ಲಿಷ್ ಅಕ್ಷರ ಕಲಿಯುವುದಕ್ಕಿಂತ ಕನ್ನಡ ಅಕ್ಷರಗಳ ಹಿಡಿತ ಸಿಗಲು ಜಾಸ್ತಿ ಕಾಲ ಬೇಕು, ನಾಲ್ಕನೇ ತರಗತಿಯವರೆಗೂ ಅದು ನಡೆಯುತ್ತಲೇ ಇರುತ್ತದೆ. ಹಾಗಾಗಿ ‘ಎರಡನೇ ಕ್ಲಾಸಿಗೆ ಬಂದರೂ ಸರಿಯಾಗಿ ಓದಲ್ಲ’ ಅಂತ ಗಾಬರಿಯಾಗುವ ಮೊದಲು ಈ ಲೆಕ್ಕ ನೆನಪಿರಲಿ.

ಈ ಮಾರ್ಗದರ್ಶಿ ಮನೆಯಲ್ಲಿ ಕಲಿಸುವವರಿಗೂ ತರಗತಿಯಲ್ಲಿ ಕಲಿಸುವವರಿಗೂ ಆಗುತ್ತದೆ. ಒಂದು ನಿಯಮವನ್ನು ಮಾತ್ರ ಬಿಡಬೇಡಿ. ಕಲಿತಷ್ಟು ಅಕ್ಷರಗಳಿಂದ ಮಗು ಅದೇ ದಿನ ಏನಾದರೂ ಓದಬೇಕು. ‘ಮೊದಲು ಎಲ್ಲ ಅಕ್ಷರ, ಆಮೇಲೆ ಎಲ್ಲ ಕಾಗುಣಿತ, ಆಮೇಲೆ ಒತ್ತಕ್ಷರ, ಕೊನೆಗೆ ಓದು’ ಅನ್ನುವ ಕ್ರಮದಲ್ಲಿ ಮಗು ತಿಂಗಳುಗಟ್ಟಲೆ ಅರ್ಥವಿಲ್ಲದ ಚಿತ್ರ ಬರೆಯುತ್ತಾ ಕೂರುತ್ತದೆ.

ಹಂತ 1: ಅಕ್ಷರಕ್ಕೆ ಮೊದಲು ಕಿವಿ

ಪುಸ್ತಕ ತೆರೆಯುವ ಮೊದಲು ಒಂದೆರಡು ವಾರ ಬರೀ ಬಾಯಿ ಆಟ ಸಾಕು. ಪದ ಹೇಳಿ ಚಪ್ಪಾಳೆ ತಟ್ಟಿಸಿ: ಮ-ರ, ಎರಡು ಚಪ್ಪಾಳೆ. ಕಾ-ಗ-ದ, ಮೂರು. ‘ಮರ’ದಲ್ಲಿ ಮೊದಲು ಏನು ಕೇಳಿಸಿತು? ಕೊನೆಗೆ ಏನು ಕೇಳಿಸಿತು? ‘ಕಾಗದ’ದಲ್ಲಿ ‘ಕಾ’ ತೆಗೆದರೆ ಏನು ಉಳಿಯುತ್ತದೆ?

ಕನ್ನಡ ಮಕ್ಕಳಿಗೆ ಹೀಗೆ ಅಕ್ಷರ ಅಕ್ಷರವಾಗಿ ಒಡೆಯುವುದು ಬೇಗ ಬರುತ್ತದೆ. ‘ಕಾ’ ಅನ್ನು ‘ಕ್’ ಮತ್ತು ‘ಆ’ ಅಂತ ಒಡೆಯುವುದು ತಡವಾಗಿ ಬರುತ್ತದೆ. ಅದನ್ನು ಈಗಲೇ ಒತ್ತಾಯ ಮಾಡಬೇಡಿ. ಕಾಗುಣಿತ ಕಲಿಯುವಾಗ ಅದರ ಸರದಿ ಬರುತ್ತದೆ.

ಪದದ ಸರಪಳಿ ಇನ್ನೊಂದು ಒಳ್ಳೆಯ ಆಟ. ಮರ, ರವಿ, ವಿಮಾನ, ನವಿಲು... ಇಲ್ಲಿ ಆಟ ನಿಲ್ಲುತ್ತದೆ, ಯಾಕೆಂದರೆ ‘ಲು’ ಇಂದ ಶುರುವಾಗುವ ಪದ ಮಗುವಿಗೆ ಎಲ್ಲಿ ಸಿಗಬೇಕು, ಅಲ್ವಾ? ನಮ್ಮ ಪದಗಳಲ್ಲಿ ಬಹಳಷ್ಟು ‘ಉ’ ಅಥವಾ ‘ಎ’ಯಲ್ಲೇ ಮುಗಿಯುತ್ತವೆ. ಅದಕ್ಕೇ ಆಟದ ನಿಯಮ ಸ್ವಲ್ಪ ಸಡಿಲ ಮಾಡಿ: ಲ, ಲಾ, ಲಿ ಯಾವುದಾದರೂ ನಡೆಯುತ್ತದೆ. ಮಗುವಿಗೆ ಗೊತ್ತಿಲ್ಲದೆಯೇ ಕಾಗುಣಿತದ ಕುಟುಂಬ ಕಿವಿಗೆ ಬೀಳುತ್ತದೆ.

ಹಂತ 2: ಮೂಲಾಕ್ಷರ, ಆದರೆ ವರ್ಣಮಾಲೆಯ ಕ್ರಮದಲ್ಲಿ ಅಲ್ಲ

ವರ್ಣಮಾಲೆಯ ಕ್ರಮ ವ್ಯಾಕರಣಕ್ಕೆ ಬಹಳ ಚಂದ. ಬಾಯಿಯ ಯಾವ ಜಾಗದಲ್ಲಿ ಧ್ವನಿ ಹುಟ್ಟುತ್ತದೆ ಅನ್ನುವುದನ್ನು ನೋಡಿ ಜೋಡಿಸಿದ ಕ್ರಮ ಅದು. ಆದರೆ ಹೊಸದಾಗಿ ಓದು ಕಲಿಯುವ ಮಗುವಿಗೆ ಕ ಖ ಗ ಘ ಙ ಕೊಟ್ಟರೆ ಯಾವ ಪದ ಕಟ್ಟಲು ಸಾಧ್ಯ? ಙ ಇಂದ ಒಂದು ಪದವೂ ಆ ಮಗುವಿನ ಜೀವನದಲ್ಲಿ ಬರುವುದಿಲ್ಲ.

ರ, ಗ, ಸ, ದ, ಅ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಈ ಸಾಲು ಪರಿಚಯ ಇರಬಹುದು. ಬರೆಯಲು ಸುಲಭ, ತಕ್ಷಣ ಪದವಾಗುತ್ತವೆ: ಸರ, ರಸ, ದರ, ಅರಸ, ಅಗಸ, ಗರಗಸ. ಐದೇ ಅಕ್ಷರಕ್ಕೆ ಇಷ್ಟು ಪದ. ಇದಕ್ಕೆ ಜ, ವ, ಮ, ಬ, ನ ಸೇರಿಸಿ. ಮರ, ವನ, ಜನ, ದನ, ಗಜ, ಮಗ, ಬಸವ. ಈಗ ಪದ ಮಾತ್ರ ಅಲ್ಲ, ಪದಗಳ ಜೋಡಿಯೂ ಓದಬಹುದು: ಅರಸನ ಗಜ, ಬಸವನ ದನ, ಮಗನ ಗರಗಸ. ಒಂದು ಗುಣಿತವೂ ಇಲ್ಲದೆ ಮಗು ಅರ್ಥವಿರುವ ಮಾತು ಓದಿತು. ಆ ಮುಖ ಒಮ್ಮೆ ನೋಡಿ!

ಮುಂದಿನ ಗುಂಪುಗಳನ್ನು ಹೀಗೆ ಮಾಡಿಕೊಳ್ಳಿ: ಪ, ಯ, ಉ, ಡ, ಟ, ಚ, ಆಮೇಲೆ ಲ, ಕ, ತ, ಹ, ಳ, ಣ, ಆಮೇಲೆ ಉಳಿದ ಸ್ವರಗಳು. ಮಹಾಪ್ರಾಣಗಳನ್ನು ಕೊನೆಗೆ ಇಡಿ. ಕ್ರಮ ಹೀಗೇ ಇರಬೇಕು ಅಂತೇನಿಲ್ಲ. ಎರಡು ವಿಷಯ ನೋಡಿಕೊಳ್ಳಿ. ಒಂದು, ಹೊಸ ಗುಂಪು ಹಳೆಯ ಗುಂಪಿನ ಜೊತೆ ಸೇರಿ ಪದವಾಗಬೇಕು. ಇನ್ನೊಂದು, ಒಂದೇ ಥರ ಕಾಣುವ ಅಕ್ಷರಗಳು ಒಂದೇ ದಿನ ಬರಬಾರದು. ಪ-ವ-ಷ, ವ-ಮ, ನ-ಸ, ರ-ಠ, ಬ-ಭ, ದ-ಧ ಇವು ಮಕ್ಕಳನ್ನು ಗೊಂದಲಕ್ಕೆ ಬೀಳಿಸುವ ಜೋಡಿಗಳು. ಒಂದು ಗಟ್ಟಿಯಾದ ಮೇಲೆ ಇನ್ನೊಂದು ತನ್ನಿ. ಎರಡೂ ಬಂದ ಮೇಲೆ ಅಕ್ಕಪಕ್ಕ ಇಟ್ಟು ‘ಎಲ್ಲಿ ವ್ಯತ್ಯಾಸ?’ ಅಂತ ಮಗುವಿನ ಬಾಯಲ್ಲೇ ಹೇಳಿಸಿ. ನೀವು ಹೇಳಿದರೆ ಮರೆಯುತ್ತದೆ, ಅದೇ ಕಂಡುಹಿಡಿದರೆ ಉಳಿಯುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿಯ ಒಳಗುಟ್ಟೂ ಹೆಚ್ಚುಕಡಿಮೆ ಇದೇ. ಚಿಕ್ಕ ಚಿಕ್ಕ ಮೆಟ್ಟಿಲು, ಕೈಯಲ್ಲಿ ಕಾರ್ಡು, ಒಂದು ಮೆಟ್ಟಿಲು ಮುಗಿಸಿದ ಮಗು ತನ್ನ ವೇಗದಲ್ಲಿ ಮುಂದಿನದಕ್ಕೆ. ಮನೆಯಲ್ಲಿ ಒಂದೇ ಮಗುವಿಗೆ ಇದನ್ನು ಮಾಡುವುದು ಇನ್ನೂ ಸುಲಭ. ರಟ್ಟಿನ ಚೂರುಗಳ ಮೇಲೆ ದೊಡ್ಡದಾಗಿ ಅಕ್ಷರ ಬರೆದಿಡಿ, ಪದ ಕಟ್ಟಿಸಿ, ಕೆಡವಿಸಿ, ಮತ್ತೆ ಕಟ್ಟಿಸಿ.

ಬರವಣಿಗೆಯ ಬಗ್ಗೆ ಒಂದು ಮಾತು. ಕನ್ನಡದ ಅಕ್ಷರಗಳು ಗುಂಡಗೆ. ಚಿಕ್ಕ ಬೆರಳಿಗೆ ಆ ತಿರುವು ಕಷ್ಟ. ಮೊದಲು ಗಾಳಿಯಲ್ಲಿ, ಮರಳಿನಲ್ಲಿ, ಸ್ಲೇಟಿನಲ್ಲಿ ದೊಡ್ಡದಾಗಿ ಬರೆಸಿ. ಎಲ್ಲಿಂದ ಶುರು, ಯಾವ ಕಡೆ ತಿರುಗಬೇಕು ಅನ್ನುವುದು ಕೈಗೆ ಗೊತ್ತಾದ ಮೇಲೆ ನೋಟ್‌ಬುಕ್. ‘ಗ’ವನ್ನು ಇಡೀ ಪುಟ ಬರೆಸುವುದರಿಂದ ಏನೂ ಲಾಭವಿಲ್ಲ. ಮೂರನೇ ಸಾಲಿನ ಹೊತ್ತಿಗೆ ಮಗು ‘ಗ’ ನೋಡುವುದನ್ನೇ ನಿಲ್ಲಿಸಿರುತ್ತದೆ, ಮೇಲಿನ ಸಾಲನ್ನು ಸುಮ್ನೆ ನಕಲು ಮಾಡುತ್ತಿರುತ್ತದೆ. ಒಂದು ಸಾಲು ಬರೆಸಿ, ಅದರಲ್ಲಿ ಚೆನ್ನಾಗಿರುವುದಕ್ಕೆ ಮಗುವೇ ಗುರುತು ಹಾಕಲಿ.

ಹಂತ 3: ಕಾಗುಣಿತ

ಇಲ್ಲಿ ನಿಧಾನ ಮಾಡಿ. ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಅಂತ ರಾಗವಾಗಿ ಹೇಳುವುದು ನಮ್ಮ ಹಳೆಯ ಪದ್ಧತಿ. ಅದು ಕೆಟ್ಟದ್ದೇನಲ್ಲ. ಗುಡಿಸು, ಕೊಂಬು, ಏತ್ವ, ಓತ್ವ, ವಟ್ರಸುಳಿ ಅನ್ನುವ ಹೆಸರುಗಳು ಬರೆಯುವಾಗ ಬಹಳ ಉಪಯೋಗಕ್ಕೆ ಬರುತ್ತವೆ. ಆದರೆ ರಾಗ ನಿಲ್ಲಿಸಿ ನಡುವಿನಿಂದ ‘ಗೊ’ ತೋರಿಸಿದರೆ ಎಷ್ಟೋ ಮಕ್ಕಳು ಮನಸ್ಸಿನಲ್ಲೇ ‘ಗ’ದಿಂದ ಶುರುಮಾಡಿ ಎಣಿಸಿಕೊಂಡು ಬರುತ್ತಾರೆ. ಪದದ ಮಧ್ಯೆ ಹೀಗೆ ಎಣಿಸುತ್ತಾ ಕೂತರೆ ಓದು ಸಾಗುವುದು ಹೇಗೆ?

ಅದಕ್ಕೇ ಅಡ್ಡಡ್ಡ ಕಲಿಸುವ ಬದಲು ಉದ್ದುದ್ದ ಕಲಿಸಿ. ಅಂದರೆ ಒಂದು ಅಕ್ಷರಕ್ಕೆ ಹದಿನೈದು ಚಿಹ್ನೆ ಅಲ್ಲ, ಒಂದು ಚಿಹ್ನೆಯನ್ನು ಗೊತ್ತಿರುವ ಎಲ್ಲ ಅಕ್ಷರಕ್ಕೂ ಹಾಕುವುದು. ಇಳಿ ಒಂದನ್ನೇ ತೆಗೆದುಕೊಳ್ಳಿ. ಕ-ಕಾ, ಮ-ಮಾ, ರ-ರಾ, ಬ-ಬಾ. ಅದೇ ದಿನ ಮಾವ, ರಾಜ, ಕಾಗದ, ದಾರ, ಬಾಲ, ಪಾಠ ಓದಿಸಿ. ಎರಡು ಮೂರು ದಿನ ಬರೀ ಇಳಿ. ಆಮೇಲೆ ಗುಡಿಸು: ಗಿಡ, ಇಲಿ, ನರಿ, ಗಿಳಿ. ಆಮೇಲೆ ಕೊಂಬು: ಹಸು, ಮಗು, ಕರು. ಆಮೇಲೆ ಏತ್ವ: ಮನೆ, ಎಲೆ, ಆನೆ. ಈ ನಾಲ್ಕು ಚಿಹ್ನೆ ಬಂದರೆ ಚಿಕ್ಕ ವಾಕ್ಯಗಳು ಬಂದವು: ‘ಮಗು ಮನೆಗೆ ಬಾ.’ ‘ಗಿಳಿ ಮರದ ಮೇಲೆ ಇದೆ’ ಅನ್ನುವುದಕ್ಕೆ ದೀರ್ಘ ಏತ್ವ ಒಂದು ಕಾಯಬೇಕು, ಅಷ್ಟೇ.

ಆಮೇಲೆ ದೀರ್ಘಗಳು. ಇವನ್ನು ಜೋಡಿಯಾಗಿಯೇ ಕಲಿಸಬೇಕು, ಯಾಕೆಂದರೆ ದೀರ್ಘ ಬಿಟ್ಟರೆ ಅರ್ಥವೇ ಬದಲಾಗುತ್ತದೆ ಅನ್ನುವುದು ಮಗುವಿಗೆ ಕಾಣಬೇಕು. ಹಳೆ–ಹಾಳೆ, ಕರು–ಕಾರು, ಬಿಸಿ–ಬೀಸಿ, ಕುಡಿ–ಕೂಡಿ, ಬೆರೆ–ಬೇರೆ, ಕೊಡು–ಕೋಡು. ಒಂದು ಪದ ಹೇಳಿ, ಮಗು ಸರಿಯಾದ ಕಾರ್ಡ್ ಎತ್ತಲಿ. ದೀರ್ಘ ಬಂದಾಗ ಕೈ ಉದ್ದ ಚಾಚುವುದು, ಹ್ರಸ್ವ ಬಂದಾಗ ಬೆರಳು ಚಿಟಕಿಸುವುದು. ಇಂಥ ಚಿಕ್ಕ ಆಟ ತರಗತಿ ತುಂಬ ನಡೆಯುತ್ತದೆ. ಐತ್ವ, ಔತ್ವ, ವಟ್ರಸುಳಿ ಕೊನೆಗೆ. ಇವುಗಳ ಪದಗಳು ಕಡಿಮೆ, ಬೇಗ ದಾಟಬಹುದು.

ಎಲ್ಲರೂ ಒಂದೆಡೆ ಎಡವುವ ಜಾಗವಿದೆ: ಪು, ವು. ಬೇರೆ ಅಕ್ಷರಗಳಿಗೆ ಕೊಂಬು ಪಕ್ಕದಲ್ಲಿ ಬರುತ್ತದೆ, ಪ ಮತ್ತು ವಕ್ಕೆ ಕೆಳಗಿನಿಂದ ಬರುತ್ತದೆ. ‘ಯಾಕೆ ಟೀಚರ್?’ ಅಂತ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಬೋರ್ಡಿನ ಮೇಲೆ ‘ವ’ ಬರೆದು ಪಕ್ಕದಲ್ಲಿ ಕೊಂಬು ಎಳೆದು ತೋರಿಸಿ. ಅದು ‘ಮ’ ಆಗಿಬಿಡುತ್ತದೆ! ಒಂದು ಸಲ ನೋಡಿದ ಮಗು ಮತ್ತೆ ಮರೆಯುವುದಿಲ್ಲ. ಮಿ, ಯಿ ಕೂಡ ಹೀಗೇ ಬೇರೆ ಥರ ಕಾಣುತ್ತವೆ. ಅವನ್ನು ಪ್ರತ್ಯೇಕವಾಗಿ ತೋರಿಸಿ, ‘ವಿ’ ಪಕ್ಕ ‘ಮಿ’ ಇಟ್ಟು ಓದಿಸಿ.

ಸೊನ್ನೆಯ ವಿಷಯದಲ್ಲಿ ದೊಡ್ಡವರು ವಿವರಣೆ ಕೊಡಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮಂಗ, ಮಂಚ, ಗಂಟೆ, ಬಂದ, ಕಂಬ ಈ ಐದನ್ನೂ ನಿಧಾನವಾಗಿ ಹೇಳಿ ನೋಡಿ. ಐದು ಕಡೆಯೂ ಸೊನ್ನೆಯ ಧ್ವನಿ ಬೇರೆ. ಮುಂದೆ ಬರುವ ಅಕ್ಷರದ ವರ್ಗದಲ್ಲಿ ಕೊನೆಗಿರುವ ಮೂಗಿನ ಧ್ವನಿಯೇ ಅಲ್ಲಿ ಬರುತ್ತದೆ. ಮಂಗದಲ್ಲಿ ಙ, ಮಂಚದಲ್ಲಿ ಞ, ಗಂಟೆಯಲ್ಲಿ ಣ, ಬಂದದಲ್ಲಿ ನ, ಕಂಬದಲ್ಲಿ ಮ. ಮಗುವಿಗೆ ಈ ನಿಯಮ ಬೇಡ, ಬಾಯಿ ತಾನೇ ಸರಿ ಹೇಳುತ್ತದೆ. ಆದರೆ ‘ಕಂಬ’ವನ್ನು ‘ಕಮ್ಬ’ ಅಂತ ಬರೆದ ಮಗುವಿಗೆ ಬೈಯುವ ಮುಂಚೆ ನಿಮಗೆ ಇದು ಗೊತ್ತಿರಲಿ. ಅದರ ಕಿವಿ ಚುರುಕಾಗಿದೆ!

ಹಂತ 4: ಒತ್ತಕ್ಷರ

ಓದು ಕುಂಟುವುದು ಹೆಚ್ಚಾಗಿ ಇಲ್ಲೇ. ಸಜಾತಿಯ ಒತ್ತಿನಿಂದ ಶುರುಮಾಡಿ, ಅಂದರೆ ಅದೇ ಅಕ್ಷರಕ್ಕೆ ಅದೇ ಒತ್ತು. ಅದೃಷ್ಟಕ್ಕೆ ಮಗುವಿನ ಮನೆಯವರೆಲ್ಲ ಇದರಲ್ಲೇ ಇದ್ದಾರೆ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ. ‘ಅಕ’ ಅನ್ನಿ, ‘ಅಕ್ಕ’ ಅನ್ನಿ. ಎಲ್ಲಿ ನಾಲಿಗೆ ಸ್ವಲ್ಪ ನಿಂತಿತು? ಅಕ್–ಕ. ಆ ನಿಲ್ಲುವಿಕೆಯೇ ಒತ್ತು.

ಈಗ ಮುಖ್ಯವಾದ ಮಾತು. ‘ಅಕ್ಕಿ’ಯಲ್ಲಿ ಗುಡಿಸು ಮೇಲಿನ ‘ಕ’ಕ್ಕೆ ಅಂಟಿಕೊಂಡಿದೆ. ಆದರೆ ‘ಇ’ ಧ್ವನಿ ಬರುವುದು ಎರಡು ‘ಕ್’ ಮುಗಿದ ಮೇಲೆ. ಕಣ್ಣು ನೋಡುವ ಕ್ರಮ ಒಂದು, ಬಾಯಿ ಹೇಳುವ ಕ್ರಮ ಇನ್ನೊಂದು. ಮಗು ‘ಬೆಕ್ಕು’ವನ್ನು ‘ಬೆ-ಕು-ಕ’ ಅಂತ ಓದುವುದು ದಡ್ಡತನ ಅಲ್ಲ, ಕಂಡದ್ದನ್ನು ಕಂಡ ಹಾಗೆ ಓದುತ್ತಿದೆ. ಇದನ್ನು ಬಿಡಿಸಿ ತೋರಿಸಲೇಬೇಕು: ಕ್ + ಕ್ + ಉ = ಕ್ಕು. ಮೂರು ಕಾರ್ಡ್ ಸಾಲಾಗಿ ಇಟ್ಟು, ಒಂದರ ಹಿಂದೆ ಒಂದು ತಳ್ಳಿ ಸೇರಿಸಿ. ‘ಕ್’ ಮತ್ತು ‘ಆ’ ಒಡೆಯುವ ಕೆಲಸವನ್ನು ಮೊದಲು ಮುಂದಕ್ಕೆ ಹಾಕಿದ್ದೆವಲ್ಲ, ಅದರ ಅಗತ್ಯ ಪೂರ್ತಿ ಬೀಳುವುದು ಇಲ್ಲಿ. ಹಕ್ಕಿ, ಕತ್ತೆ, ಕಲ್ಲು, ಹಣ್ಣು, ಬೆಟ್ಟ, ಇಬ್ಬರು, ಹುಲ್ಲು... ಈ ಥರದ ಪದಗಳು ಸಲೀಸಾಗುವವರೆಗೆ ವಿಜಾತಿಯ ಒತ್ತಿಗೆ ಹೋಗಬೇಡಿ.

ಒತ್ತುಗಳ ಆಕಾರ ಕಲಿಸುವಾಗ ಎರಡು ಗುಂಪು ಮಾಡಿ. ಹೆಚ್ಚಿನವು ಮೂಲ ಅಕ್ಷರದ ಚಿಕ್ಕ ರೂಪವೇ: ಕ್ಕ, ಗ್ಗ, ಚ್ಚ, ಟ್ಟ, ದ್ದ, ಪ್ಪ, ಬ್ಬ. ಇವಕ್ಕೆ ಪ್ರತ್ಯೇಕ ಪಾಠ ಬೇಡ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲದ ಹಾಗೆ ಕಾಣುವುದಿಲ್ಲ. ಇವಕ್ಕೆ ಒಂದೊಂದು ಕಾರ್ಡ್ ಮಾಡಿ ಗೋಡೆಗೆ ಅಂಟಿಸಿ: ಕತ್ತೆ, ಅನ್ನ, ಅಮ್ಮ, ಅಯ್ಯೋ, ಚಕ್ರ, ಇಲ್ಲ.

ರ ಒಂದು ವಿಚಿತ್ರ ಪ್ರಾಣಿ. ‘ಚಕ್ರ’ದಲ್ಲಿ ಅದು ಕೆಳಗೆ ಹೋಗಿ ಆಮೇಲೆ ಕೇಳಿಸುತ್ತದೆ. ‘ವರ್ಷ’ದಲ್ಲಿ ಅರ್ಕಾವತ್ತಾಗಿ ಅಕ್ಷರದ ನಂತರ ಕೂತಿರುತ್ತದೆ, ಆದರೆ ಮೊದಲೇ ಕೇಳಿಸುತ್ತದೆ. ಮಕ್ಕಳು ‘ವಷರ’ ಅಂತ ಓದುತ್ತಾರೆ. ‘ಬರೆಯುವಾಗ ಆಮೇಲೆ, ಹೇಳುವಾಗ ಮೊದಲು’ ಅನ್ನುವುದನ್ನು ಒಂದು ಘೋಷಣೆ ಮಾಡಿಬಿಡಿ. ವರ್ಷ, ಹರ್ಷ, ಸೂರ್ಯ, ಕಾರ್ಯ ಒಂದು ಸಾಲು. ಚಕ್ರ, ಕ್ರಮ, ಪತ್ರ, ಚಿತ್ರ ಇನ್ನೊಂದು ಸಾಲು. ಎರಡನ್ನೂ ಬೇರೆ ಬೇರೆ ದಿನ ಕಲಿಸಿ, ಆಮೇಲೆ ಕಲಸಿ ಓದಿಸಿ.

ಹಂತ 5: ಪದದಿಂದ ಓದಿಗೆ

ಅಕ್ಷರ, ಗುಣಿತ, ಒತ್ತು ಎಲ್ಲ ಬಂದರೂ ಮಗು ತಡವರಿಸುತ್ತಿದ್ದರೆ ಪದದ ಉದ್ದ ನೋಡಿ. ಕನ್ನಡದಲ್ಲಿ ಪದಗಳಿಗೆ ಬಾಲ ಬೆಳೆಯುತ್ತಾ ಹೋಗುತ್ತದೆ. ‘ಪುಸ್ತಕಗಳನ್ನು’, ‘ಹೋಗುತ್ತಿದ್ದಾರೆ’, ‘ಮನೆಯವರೆಲ್ಲರೂ’. ಅಕ್ಷರ ಅಕ್ಷರವಾಗಿ ಓದುವ ಮಗು ಕೊನೆ ಮುಟ್ಟುವ ಹೊತ್ತಿಗೆ ಶುರುವನ್ನು ಮರೆತಿರುತ್ತದೆ.

ಇದಕ್ಕೆ ಬಾಲ ಬೆಳೆಸುವ ಆಟ ಆಡಿ. ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆಯಿರಿ:

ಮರ
ಮರಗಳು
ಮರಗಳಲ್ಲಿ
ಮರಗಳಲ್ಲಿರುವ
ಮರಗಳಲ್ಲಿರುವ ಹಕ್ಕಿಗಳು

ಮೇಲಿನಿಂದ ಕೆಳಕ್ಕೆ ಓದಿಸಿ, ಕೆಳಗಿನಿಂದ ಮೇಲಕ್ಕೆ ಓದಿಸಿ. ಆಮೇಲೆ ಪುಸ್ತಕದಲ್ಲಿ ಉದ್ದದ ಪದ ಸಿಕ್ಕಾಗ ಬೆರಳಿನಿಂದ ಬಾಲ ಮುಚ್ಚಿ, ‘ಇದು ಏನು?’ ಅಂತ ಕೇಳಿ. ‘ಪುಸ್ತಕ.’ ಬೆರಳು ಸರಿಸಿ. ‘ಪುಸ್ತಕಗಳು... ಪುಸ್ತಕಗಳನ್ನು.’ ಗಳು, ಅನ್ನು, ಇಂದ, ಗೆ, ಅಲ್ಲಿ, ಉತ್ತಾನೆ, ಉತ್ತಾಳೆ ಇಂಥ ಹತ್ತಿಪ್ಪತ್ತು ಬಾಲಗಳು ಕಣ್ಣಿಗೆ ಒಟ್ಟಿಗೆ ಕಾಣುವಂತಾದರೆ ಓದಿನ ವೇಗ ತಾನೇ ಬರುತ್ತದೆ. ಇನ್ನೊಂದು ಲಾಭವೂ ಇದೆ. ಮುಂದೆ ವಿಭಕ್ತಿ, ವಚನ, ಕಾಲ ಅಂತ ಹೆಸರಿಟ್ಟು ಕಲಿಸುವುದು ಇವೇ ಬಾಲಗಳನ್ನು.

ಒಂದೇ ಪಾಠವನ್ನು ಮೂರ್ನಾಲ್ಕು ಸಲ ಓದಿಸುವುದು ಒಳ್ಳೆಯದೇ. ಮೊದಲು ನೀವು ಓದಿ, ಆಮೇಲೆ ಇಬ್ಬರೂ ಒಟ್ಟಿಗೆ, ಆಮೇಲೆ ಮಗು ಒಂದೇ. ಆದರೆ ಬಾಯಿಪಾಠವಾಗಿದೆಯಾ, ನಿಜವಾಗಿ ಓದುತ್ತಿದೆಯಾ? ಅದೇ ಪದಗಳನ್ನು ಬೇರೆ ಕ್ರಮದಲ್ಲಿ ಬರೆದು ಕೊಡಿ. ಇಲ್ಲವೇ ‘ಟಿಮೊಗಾ’, ‘ಬೂಲಪ್ಪೆ’ ಥರದ ಅರ್ಥವಿಲ್ಲದ ಪದ ಬರೆದು ‘ಇದು ಚಂದ್ರನಲ್ಲಿರುವ ಪ್ರಾಣಿಯ ಹೆಸರು, ಓದು ನೋಡೋಣ’ ಅನ್ನಿ. ನೆನಪಿನ ಸಹಾಯವಿಲ್ಲದೆ ಅದನ್ನು ಓದಿದರೆ ಅಕ್ಷರ ಬಂದಿದೆ ಅಂತಲೇ ಅರ್ಥ.

ಮಗು ಒಂದು ಪದದಲ್ಲಿ ಸಿಕ್ಕಿಕೊಂಡಾಗ ತಕ್ಷಣ ಹೇಳಿಬಿಡುವ ಆಸೆಯನ್ನು ತಡೆದುಕೊಳ್ಳಿ. ಸ್ವಲ್ಪ ಕಾಯಿರಿ. ಆಗಲೂ ಬರದಿದ್ದರೆ ಪದದ ಅರ್ಧ ಮುಚ್ಚಿ ತೋರಿಸಿ. ಅದಕ್ಕೂ ಆಗದಿದ್ದರೆ ಹೇಳಿ ಮುಂದೆ ಹೋಗಿ. ಒಂದು ಪದಕ್ಕಾಗಿ ಕತೆಯನ್ನು ಹಾಳು ಮಾಡಬೇಡಿ. ಓದಿ ಮುಗಿದ ಮೇಲೆ ಕತೆಯ ಬಗ್ಗೆ ಮಾತಾಡಿ. ‘ನರಿ ಯಾಕೆ ಹಾಗೆ ಮಾಡಿತು?’ ಅನ್ನುವ ಪ್ರಶ್ನೆ ‘ನರಿ ಎಲ್ಲಿಗೆ ಹೋಯಿತು?’ ಅನ್ನುವುದಕ್ಕಿಂತ ಒಳ್ಳೆಯದು. ಎರಡನೆಯದಕ್ಕೆ ಉತ್ತರವನ್ನು ಅರ್ಥವಾಗದೆಯೂ ಪುಟದಿಂದ ಎತ್ತಿ ಕೊಡಬಹುದು.

ಮಗು ತಾನೇ ಓದಲು ಶುರುಮಾಡಿದ ಮೇಲೂ ನೀವು ಅದಕ್ಕೆ ಕತೆ ಓದಿ ಹೇಳುವುದನ್ನು ನಿಲ್ಲಿಸಬೇಡಿ. ಬರಹದ ಕನ್ನಡ ಮನೆಮಾತಿಗಿಂತ ಬೇರೆ. ‘ಬರ್ತೀನಿ’ ಅನ್ನುವ ಮಗುವಿಗೆ ‘ಬರುತ್ತೇನೆ’ ಕಿವಿಗೆ ಬಿದ್ದಿರದಿದ್ದರೆ ಪುಟದ ಮೇಲೆ ಅದು ಪರಕೀಯವಾಗಿ ಕಾಣುತ್ತದೆ. ಮನೆಮಾತೇ ಕನ್ನಡ ಅಲ್ಲದ ಮಗುವಿಗಂತೂ ಇದು ಇನ್ನೂ ಮುಖ್ಯ. ಅರ್ಥ ಗೊತ್ತಿಲ್ಲದ ಪದವನ್ನು ಓದಿಸಿ ಏನು ಮಾಡುವುದು? ಮೊದಲು ಮಾತು, ಆಮೇಲೆ ಅಕ್ಷರ.

ಹಂತ 6: ತಪ್ಪಿಲ್ಲದೆ ಬರೆಯುವುದು

ಕನ್ನಡ ಹೇಳಿದ ಹಾಗೆ ಬರೆಯುವ ಭಾಷೆ ಅನ್ನುತ್ತಾರೆ. ಬಹುಮಟ್ಟಿಗೆ ನಿಜ. ತೊಂದರೆ ಏನೆಂದರೆ, ನಾವು ಹೇಳುವುದೇ ಬರಹದಂತೆ ಇರುವುದಿಲ್ಲ. ಅದಕ್ಕೇ ತಪ್ಪುಗಳನ್ನು ಒಟ್ಟಿಗೆ ಕೆಂಪು ಪೆನ್ನಿನಲ್ಲಿ ಹೊಡೆಯುವ ಬದಲು, ಯಾವ ಜಾತಿಯ ತಪ್ಪು ಅಂತ ನೋಡಿ.

ಕಿವಿಯಿಂದ ತಿದ್ದಬಹುದಾದ ತಪ್ಪುಗಳು ಕೆಲವು. ಲ–ಳ, ನ–ಣ, ಹ್ರಸ್ವ–ದೀರ್ಘ, ಒತ್ತು ಬಿಡುವುದು. ಹುಲಿ–ಹುಳಿ, ಬೆಲೆ–ಬೆಳೆ, ಕಲೆ–ಕಳೆ, ಮನೆ–ಮಣೆ ಇಂಥ ಜೋಡಿಗಳನ್ನು ಹೇಳಿಸಿ, ನಾಲಿಗೆ ಎಲ್ಲಿ ತಾಗುತ್ತದೆ ಅಂತ ಗಮನಿಸಲು ಹೇಳಿ. ‘ಳ’ ಮತ್ತು ‘ಣ’ಕ್ಕೆ ನಾಲಿಗೆ ಮೇಲಕ್ಕೆ ಮಡಚುತ್ತದೆ. ಕನ್ನಡದ ಪದಗಳು ‘ಣ’ ಅಥವಾ ‘ಳ’ದಿಂದ ಶುರುವಾಗುವುದಿಲ್ಲ ಅನ್ನುವುದನ್ನೂ ಹೇಳಿಕೊಡಿ. ಮಕ್ಕಳಿಗೆ ಇಂಥ ಗಟ್ಟಿ ನಿಯಮ ಅಂದರೆ ಇಷ್ಟ.

ಮನೆಮಾತಿನಿಂದ ಬರುವ ತಪ್ಪುಗಳು ಇನ್ನು ಕೆಲವು. ‘ಹಾಲು’ ಬದಲು ‘ಆಲು’, ‘ಎಲೆ’ ಬದಲು ‘ಯೆಲೆ’, ‘ಒಂದು’ ಬದಲು ‘ವೊಂದು’, ‘ಮನೆಯಲ್ಲಿ’ ಬದಲು ‘ಮನೇಲಿ’. ಇಲ್ಲಿ ಮಗುವಿನ ಮಾತನ್ನು ಹಂಗಿಸಬಾರದು. ಅದು ಅವರ ಮನೆಯ ಕನ್ನಡ, ಅದೂ ಕನ್ನಡವೇ. ‘ಮನೆಯಲ್ಲಿ ಹೀಗೆ ಹೇಳುತ್ತೇವೆ, ಪುಸ್ತಕದಲ್ಲಿ ಹೀಗೆ ಬರೆಯುತ್ತೇವೆ’ ಅಂತ ಎರಡು ಕಾಲಂ ಮಾಡಿ. ಹಾಡು–ಆಡು, ಹಾರು–ಆರು, ಹತ್ತು–ಅತ್ತು ಜೋಡಿಗಳು ‘ಹ’ಕಾರಕ್ಕೆ ಸಹಾಯ ಮಾಡುತ್ತವೆ. ‘ಹಕ್ಕಿ ಆರಿತು’ ಅಂತ ಬರೆದು ಓದಿಸಿದರೆ ಮಕ್ಕಳೇ ನಗುತ್ತಾರೆ. ದೀಪ ಆರುತ್ತದೆ, ಹಕ್ಕಿ ಹಾರುತ್ತದೆ.

ಕಣ್ಣಿನ ನೆನಪಿನಿಂದಷ್ಟೇ ಬರುವಂಥವು ಮಹಾಪ್ರಾಣ, ಶ–ಷ–ಸ, ಮತ್ತು ಋ. ಮುಖದ ಮುಂದೆ ಕಾಗದದ ಚೂರು ಹಿಡಿದು ‘ದನ’, ‘ಧನ’ ಹೇಳಿಸಿದರೆ ಉಸಿರಿಗೆ ಕಾಗದ ಅಲುಗುವುದು ಕಾಣುತ್ತದೆ, ಮಜಾ ಕೂಡ. ಆದರೆ ದಿನದ ಮಾತಿನಲ್ಲಿ ಹೆಚ್ಚಿನವರು ಈ ವ್ಯತ್ಯಾಸ ಮಾಡುವುದಿಲ್ಲವಲ್ಲ. ಹಾಗಾಗಿ ಪದವನ್ನೇ ನೆನಪಿಡಬೇಕು. ಭೂಮಿ, ಭಾಷೆ, ಮುಖ, ಸಂಖ್ಯೆ, ಧನ, ರಥ, ಛತ್ರಿ, ಫಲ... ಈ ವಯಸ್ಸಿಗೆ ಬೇಕಾದ ಮಹಾಪ್ರಾಣದ ಪದಗಳು ಬಹಳ ಇಲ್ಲ. ಒಂದು ಗೋಡೆಪಟ್ಟಿ ಸಾಕು. ಇದನ್ನೇ ಜಾಸ್ತಿ ಹಿಡಿದು ಬೈದರೆ ಉಲ್ಟಾ ಆಗುತ್ತದೆ. ಮಗು ಭಯಕ್ಕೆ ‘ಧಾರಿ’, ‘ಭಾಗಿಲು’ ಅಂತ ಬೇಡದ ಕಡೆಯೆಲ್ಲ ಹೊಟ್ಟೆ ಸೀಳಲು ಶುರುಮಾಡುತ್ತದೆ.

ಶ–ಷ–ಸಕ್ಕೆ ಒಂದು ಸುಲಭದ ಗುರುತು: ಚ ಜೊತೆ ಶ, ಟ ಜೊತೆ ಷ, ತ ಜೊತೆ ಸ. ಪಶ್ಚಿಮ, ಆಶ್ಚರ್ಯ, ಇಷ್ಟ, ಕಷ್ಟ, ಎಷ್ಟು, ಪುಸ್ತಕ, ರಸ್ತೆ, ವಸ್ತು. ‘ಸ್ಟೇಷನ್’, ‘ಮಾಸ್ಟರ್’ ಥರದ ಇಂಗ್ಲಿಷಿನಿಂದ ಬಂದ ಪದಗಳು ಈ ನಿಯಮಕ್ಕೆ ಸಿಗುವುದಿಲ್ಲ. ಋ ಬರುವ ಪದಗಳೂ ಕೈಬೆರಳಿಗೆ ಸಿಗುವಷ್ಟು: ಕೃಷಿ, ಮೃಗ, ಗೃಹ, ವೃತ್ತ, ಹೃದಯ.

ಉಕ್ತಲೇಖನ ಮಾಡಿಸಿ, ಆದರೆ ಪರೀಕ್ಷೆಯಾಗಿ ಅಲ್ಲ. ಐದಾರು ಪದ, ಒಂದು ಚಿಕ್ಕ ವಾಕ್ಯ. ಎಲ್ಲವೂ ಆ ವಾರ ಓದಿದ್ದೇ ಆಗಿರಲಿ. ಬರೆದ ಮೇಲೆ ಸರಿ ಉತ್ತರವನ್ನು ಮಗುವಿನ ಮುಂದಿಡಿ, ತಪ್ಪನ್ನು ಅದೇ ಹುಡುಕಿ ಅದೇ ತಿದ್ದಲಿ. ತಪ್ಪಾದ ಪದವನ್ನು ಹತ್ತು ಸಲ ಬರೆಸುವುದಕ್ಕಿಂತ, ಒಂದು ಸಲ ನೋಡಿ, ಮುಚ್ಚಿ, ಬರೆದು, ತೆರೆದು ಹೋಲಿಸುವುದು ಹೆಚ್ಚು ಉಳಿಯುತ್ತದೆ. ಮಗು ತನ್ನ ಮನಸ್ಸಿನ ಮಾತು ಬರೆಯುವಾಗ ಮಾತ್ರ ಕೆಂಪು ಪೆನ್ನು ಪಕ್ಕಕ್ಕಿಡಿ. ತಪ್ಪಿಗೆ ಹೆದರಿದ ಮಗು ಗೊತ್ತಿರುವ ನಾಲ್ಕೇ ಪದಗಳಲ್ಲಿ ಬರೆದು ಮುಗಿಸುತ್ತದೆ.

ಹಂತ 7: ವ್ಯಾಕರಣ, ಹೆಸರಿಲ್ಲದೆ ಶುರು

ಐದು ವರ್ಷದ ಮಗು ‘ಅಕ್ಕ ಬಂದಳು, ಅಣ್ಣ ಬಂದನು, ನಾಯಿ ಬಂತು, ಅಜ್ಜ ಬಂದರು’ ಅಂತ ಸರಿಯಾಗಿ ಮಾತಾಡುತ್ತದೆ. ಲಿಂಗ, ವಚನ, ಗೌರವ ಎಲ್ಲ ಅದರ ಬಾಯಲ್ಲಿ ಆಗಲೇ ಇದೆ. ನಾವು ಮಾಡಬೇಕಾದದ್ದು, ಅದಕ್ಕೆ ಗೊತ್ತಿರುವುದನ್ನು ಅದಕ್ಕೇ ತೋರಿಸುವುದು. ಹೆಸರು ಕೊನೆಗೆ ಬಂದರೂ ಆದೀತು.

ಒಂದನೇ ತರಗತಿಗೆ ಪೂರ್ತಿ ವಾಕ್ಯ, ಪೂರ್ಣವಿರಾಮ, ಪ್ರಶ್ನಾರ್ಥಕ ಚಿಹ್ನೆ ಸಾಕು. ‘ನೀನು ಬಂದೆ.’ ‘ನೀನು ಬಂದೆಯಾ?’ ಓದುವಾಗ ದನಿ ಎಲ್ಲಿ ಏರಿತು ಅಂತ ಕೇಳಿ. ಎರಡನೇ ತರಗತಿಗೆ ನಾಮಪದ, ಕ್ರಿಯಾಪದ, ಏಕವಚನ, ಬಹುವಚನ. ‘ಹೆಸರು ಹೇಳುವ ಪದ’, ‘ಕೆಲಸ ಹೇಳುವ ಪದ’ ಅಂತಲೇ ಕರೆಯಿರಿ. ಕೆಲಸದ ಪದ ಬಂದಾಗ ಎದ್ದು ಅಭಿನಯ ಮಾಡಲಿ.

ಬಹುವಚನದಲ್ಲಿ ‘ಗಳು’ ಒಂದನ್ನೇ ಹೇಳಿಕೊಟ್ಟು ಬಿಡಬೇಡಿ. ಮರ–ಮರಗಳು, ಹುಡುಗ–ಹುಡುಗರು, ಅಣ್ಣ–ಅಣ್ಣಂದಿರು, ಮಗು–ಮಕ್ಕಳು. ಈ ನಾಲ್ಕು ಥರವನ್ನೂ ಪದಗಳ ರಾಶಿ ಕೊಟ್ಟು ಗುಂಪು ಮಾಡಿಸಿದರೆ ಮಕ್ಕಳೇ ನಿಯಮ ಹೇಳುತ್ತಾರೆ. ‘ಎರಡು ಪುಸ್ತಕ’ ಅಂದರೂ ಸರಿ, ಎಣಿಕೆ ಹೇಳಿದ ಮೇಲೆ ವಸ್ತುವಿಗೆ ‘ಗಳು’ ಬರಲೇಬೇಕು ಅಂತಿಲ್ಲ. ಆದರೆ ಜನರಾದರೆ ‘ಎರ‌ಡು ಹುಡುಗರು’ ಅಲ್ಲ, ‘ಇಬ್ಬರು ಹುಡುಗರು’.

ಬರಹದಲ್ಲಿ ಜಾಸ್ತಿ ಕಾಣುವ ತಪ್ಪು ‘ಹಕ್ಕಿಗಳು ಹಾರುತ್ತದೆ’ ಅನ್ನುವುದು. ಇದಕ್ಕೆ ಒಂದು ಚಕ್ರ ಮಾಡಿ. ಹೊರಗೆ ನಾನು, ನೀನು, ಅವನು, ಅವಳು, ಅದು, ಅವರು, ಅವು. ಒಳಗೆ ‘ಓಡು’. ಮುಳ್ಳು ತಿರುಗಿಸಿ ಎಲ್ಲಿ ನಿಂತರೆ ಅದಕ್ಕೆ ವಾಕ್ಯ: ಅವಳು ಓಡುತ್ತಾಳೆ, ಅವು ಓಡುತ್ತವೆ. ಇದೇ ಚಕ್ರಕ್ಕೆ ‘ನಿನ್ನೆ’, ‘ನಾಳೆ’ ಸೇರಿಸಿದರೆ ಮೂರನೇ ತರಗತಿಯ ಕಾಲಗಳ ಪಾಠವೂ ಅದರಲ್ಲೇ ಆಯಿತು.

ವಿಭಕ್ತಿ ಪ್ರತ್ಯಯಗಳನ್ನು ‘ಪ್ರಥಮಾ ಉ, ದ್ವಿತೀಯಾ ಅನ್ನು’ ಅಂತ ಪಟ್ಟಿ ಒಪ್ಪಿಸಿಕೊಳ್ಳುವುದು ಈ ವಯಸ್ಸಿಗೆ ಬೇಡವೇ ಬೇಡ. ಮುರಿದ ವಾಕ್ಯ ಕೊಡಿ: ‘ರವಿ ಗೀತಾ ಪುಸ್ತಕ ಕೊಟ್ಟ.’ ಏನೋ ತಪ್ಪಿದೆ ಅಂತ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ. ‘ರವಿ ಗೀತಾಳಿಗೆ ಪುಸ್ತಕವನ್ನು ಕೊಟ್ಟನು.’ ಈಗ ಪದಗಳ ಜಾಗ ಬದಲಿಸಿ: ‘ಗೀತಾಳಿಗೆ ಪುಸ್ತಕವನ್ನು ರವಿ ಕೊಟ್ಟನು.’ ಕೊಟ್ಟವರು ಯಾರು? ರವಿಯೇ. ಈಗ ಬಾಲ ಬದಲಿಸಿ: ‘ರವಿಗೆ ಗೀತಾ ಪುಸ್ತಕವನ್ನು ಕೊಟ್ಟಳು.’ ಕತೆಯೇ ತಿರುಗಿತು! ಪದದ ಜಾಗ ಬದಲಾದರೆ ನಡೆಯುತ್ತದೆ, ಬಾಲ ಬದಲಾದರೆ ಅರ್ಥ ಬದಲಾಗುತ್ತದೆ. ಕನ್ನಡ ವ್ಯಾಕರಣದ ದೊಡ್ಡ ವಿಷಯವೊಂದನ್ನು ಮಗು ಇಷ್ಟರಲ್ಲೇ ಹಿಡಿದುಬಿಡುತ್ತದೆ. ಆಮೇಲೆ ‘ಗೆ’ ಮತ್ತು ‘ಕ್ಕೆ’ ಯಾವಾಗ ಅಂತ ಹುಡುಕಿಸಿ: ಮನೆಗೆ, ಊರಿಗೆ, ಹುಡುಗನಿಗೆ, ಮರಕ್ಕೆ, ವನಕ್ಕೆ, ಪುಸ್ತಕಕ್ಕೆ. ‘ಅ’ದಲ್ಲಿ ಮುಗಿಯುವ ವಸ್ತುಗಳ ಹೆಸರಿಗೆ ‘ಕ್ಕೆ’ ಅನ್ನುವುದನ್ನು ಮೂರನೇ ತರಗತಿಯ ಮಗು ಸ್ವಂತವಾಗಿ ಕಂಡುಹಿಡಿಯಬಲ್ಲದು. ಸಂಧಿ, ಸಮಾಸ ಮುಂದಿನ ತರಗತಿಗಳಿಗೆ ಬಿಡಿ.

ದಿನಕ್ಕೆ ಎಷ್ಟು ಹೊತ್ತು?

ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ. ಐದು ನಿಮಿಷ ಬಾಯಿ ಆಟ, ಹತ್ತು ನಿಮಿಷ ಹೊಸದು, ಹತ್ತು ಹದಿನೈದು ನಿಮಿಷ ಓದು, ಉಳಿದದ್ದು ಬರಹ. ವಾರದಲ್ಲಿ ಒಂದು ದಿನ ಹೊಸದು ಏನೂ ಬೇಡ, ಹಳೆಯದೇ ಸಾಕು. ಭಾನುವಾರ ಮೂರು ಗಂಟೆ ಕೂರಿಸುವುದಕ್ಕಿಂತ ದಿನಾ ಸ್ವಲ್ಪ ಮೇಲು.

ಹೀಗೆ ಕ್ರಮವಾಗಿ ಕಲಿಸಿದರೂ ಬಹಳ ತಿಂಗಳು ಕಳೆದ ಮೇಲೂ ಮೂಲಾಕ್ಷರಗಳೇ ನಿಲ್ಲುತ್ತಿಲ್ಲ, ನಿನ್ನೆ ಓದಿದ ಪದ ಇವತ್ತು ಪೂರ್ತಿ ಹೊಸದು ಅನ್ನುವಂತಿದ್ದರೆ ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ಅವು ಸರಿಯಿದ್ದರೆ ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆ ಇರಬಹುದು. ಅದನ್ನು ಗುರುತಿಸಿ ಬೇರೆ ರೀತಿಯಲ್ಲಿ ಕಲಿಸಲು ತರಬೇತಿ ಪಡೆದ ವಿಶೇಷ ಶಿಕ್ಷಕರು ಇದ್ದಾರೆ. ಎಷ್ಟು ಬೇಗ ತೋರಿಸಿದರೆ ಅಷ್ಟು ಒಳ್ಳೆಯದು. ‘ದೊಡ್ಡವನಾದರೆ ಸರಿಹೋಗುತ್ತಾನೆ’ ಅಂತ ಮೂರನೇ ತರಗತಿ ದಾಟಿಸಬೇಡಿ. ನಾಲ್ಕನೇ ತರಗತಿಯಿಂದ ಬೇರೆ ವಿಷಯಗಳನ್ನೂ ಓದಿಯೇ ಕಲಿಯಬೇಕಾಗುತ್ತದೆ.